ಲಿವರ್ ಟ್ಯೂಮರ್ ಆಪರೇಷನ್ ಮಧ್ಯದಲ್ಲಿ ಅಲ್ಟ್ರಾಸೌಂಡ್: ಪೇಷಂಟ್ ಮತ್ತು ಮನೆಯವರಿಗೆ ಹಂತ ಹಂತವಾಗಿ

ಆಪರೇಷನ್‌ಗೆ ಮುಂಚೆ ಸಿಟಿ ಆಗಿರತ್ತೆ, ಎಂಆರ್‌ಐ ಆಗಿರತ್ತೆ, ಕೆಲವರಿಗೆ ಪೆಟ್ ಸ್ಕ್ಯಾನೂ ಆಗಿರತ್ತೆ, ಗಡ್ಡೆ ಎಷ್ಟಿದೆ ಎಲ್ಲೆಲ್ಲಿದೆ ಅಂತ ರಿಪೋರ್ಟಲ್ಲಿ ನೀಟಾಗಿ ಬರೆದಿರತ್ತೆ. ಇಷ್ಟೆಲ್ಲ ಆದ್ಮೇಲೂ "ಹೊಟ್ಟೆ ಓಪನ್ ಮಾಡಿದ ಮೇಲೆ ಇನ್ನೊಂದ್ಸಲ ಅಲ್ಟ್ರಾಸೌಂಡಲ್ಲಿ ನೋಡ್ತೀವಿ, ಆಮೇಲೆ ಫೈನಲ್ ಮಾಡ್ತೀವಿ" ಅಂತ ಸರ್ಜನ್ ಹೇಳಿದ ತಕ್ಷಣ ಮನೆಯವರಿಗೆ ಗಾಬರಿ ಆಗತ್ತೆ, ಡಾಕ್ಟರಿಗೇ ಇನ್ನೂ ಗೊತ್ತಿಲ್ವಾ, ಹಾಗಿದ್ರೆ ಯಾಕೆ ಆಪರೇಷನ್ ಅಂತ. ಆ ಗಾಬರಿ ಹೋಗ್ಲಿ ಅಂತಾನೇ ಇದನ್ನ ಬರೀತಿದೀನಿ. ಲಿವರ್ ಸರ್ಜರಿಯಲ್ಲಿ ಮುಂಚೆ ಮಾಡೋ ಪ್ಲಾನ್ ಒಂದು ಕರಡು ಇದ್ದ ಹಾಗೆ, ಪ್ರೋಬ್, ಅಂದ್ರೆ ಅಲ್ಟ್ರಾಸೌಂಡ್ ಮಿಷಿನ್ನಿನ ಕೈಯಲ್ಲಿ ಹಿಡಿಯೋ ಭಾಗ, ನೇರವಾಗಿ ಲಿವರ್ ಮೇಲೆ ಇಟ್ಟ ಮೇಲೇನೇ ಅದು ಫೈನಲ್ ಆಗೋದು. ಹಾಗಾಗಿ ನಿಮ್ಮ ಕಡೆಯಿಂದ ಆಗಬೇಕಾದ ಕೆಲಸಗಳೂ ಇವೆ, ಅವು ಯಾವುದು, ಯಾವಾಗ ಮಾಡಬೇಕು, ಒಳಗಡೆ ಏನು ನಡೆಯತ್ತೆ ಅನ್ನೋದನ್ನ ಕ್ರಮವಾಗಿ ಹೇಳ್ತೀನಿ.

ಶುರು ಮಾಡೋ ಮುಂಚೆ ಒಂದು ವಿಷಯ. ಲಿವರ್ ಆಪರೇಷನ್ ಅಂದಾಗ "ಅಲ್ಟ್ರಾಸೌಂಡ್", "ಅಲ್ಟ್ರಾಸಾನಿಕ್" ಅನ್ನೋದು ಮೂರ್ನಾಲ್ಕು ಬೇರೆ ಬೇರೆ ಮಿಷಿನ್ ಬಗ್ಗೆ ಕಿವಿಗೆ ಬೀಳತ್ತೆ. ಕೂಸಾ ಅಂತ ಒಂದು ಉಪಕರಣ ಇದೆ, ಅದರ ತುದಿ ಸೆಕೆಂಡಿಗೆ ಸಾವಿರಾರು ಸಲ ಅದುರಿ ಲಿವರ್ ಅಂಗಾಂಶನ ಪುಡಿ ಮಾಡಿ ಹೀರಿಕೊಳ್ಳತ್ತೆ, ರಕ್ತನಾಳ ಮಾತ್ರ ಉಳಿಯತ್ತೆ, ಅದು ಕತ್ತರಿಸೋಕೆ ಇರೋದು, ನೋಡೋಕಲ್ಲ. ಹಾಗೇ ಹಿಸ್ಟೋಟ್ರಿಪ್ಸಿ ಅಂತ ಹೊಸ ಚಿಕಿತ್ಸೆ ಬಂದಿದೆ, ಹೊಟ್ಟೆ ಕೊಯ್ಯದೇ ಹೊರಗಿಂದಾನೇ ಶಬ್ದದ ಅಲೆ ಬಿಟ್ಟು ಗಡ್ಡೆನ ಒಡೆಯೋದು, ಅಮೆರಿಕಾದ ಔಷಧ, ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಅಕ್ಟೋಬರಲ್ಲಿ ಲಿವರ್ ಗಡ್ಡೆಗಳಿಗೆ ಅನುಮತಿ ಕೊಟ್ಟಿದ್ದು ಅದಕ್ಕೆ. ನಾನು ಇಲ್ಲಿ ಹೇಳ್ತಿರೋದು ಇವೆರಡೂ ಅಲ್ಲ, ಆಪರೇಷನ್ ನಡೀತಿರೋವಾಗ ಲಿವರ್ ಮೇಲೇನೇ ಪ್ರೋಬ್ ಇಟ್ಟು ನೋಡೋ ಅಲ್ಟ್ರಾಸೌಂಡ್, ಥಿಯೇಟರಲ್ಲಿ ಇದನ್ನ ಇಂಟ್ರಾ-ಆಪ್ ಅಂತಾರೆ.

ಹೊರಗಿಂದ ನೋಡೋದಕ್ಕೂ ಇದಕ್ಕೂ ಏನು ವ್ಯತ್ಯಾಸ

ಮಾಮೂಲಿ ಹೊಟ್ಟೆ ಸ್ಕ್ಯಾನಲ್ಲಿ ಶಬ್ದದ ಅಲೆ ಚರ್ಮ, ಕೊಬ್ಬು, ಸ್ನಾಯು ಎಲ್ಲ ದಾಟಿ ಲಿವರ್‌ಗೆ ಹೋಗಬೇಕು, ಮೇಲೆ ಪಕ್ಕೆಲುಬು ಅಡ್ಡ, ಶ್ವಾಸಕೋಶದ ಗಾಳಿ ಅಡ್ಡ, ಕರುಳಿನ ಗ್ಯಾಸ್ ಅಡ್ಡ. ಅಷ್ಟು ಆಳ ಹೋಗಬೇಕಂದ್ರೆ ಕಮ್ಮಿ ಫ್ರೀಕ್ವೆನ್ಸಿ ಬೇಕು, ಸುಮಾರು 3ರಿಂದ 5 ಮೆಗಾಹರ್ಟ್ಸ್, ಫ್ರೀಕ್ವೆನ್ಸಿ ಕಮ್ಮಿ ಆದಷ್ಟು ಚಿತ್ರ ಮಸುಕು. ಆಪರೇಷನ್ನಲ್ಲಿ ಈ ಅಡ್ಡಿ ಯಾವುದೂ ಇಲ್ಲ, ಬೆರಳಿನ ಮಧ್ಯೆ ಹಿಡಿಯೋ ಅಷ್ಟು ಸಣ್ಣ ಪ್ರೋಬ್ ನೇರ ಲಿವರ್ ಮೇಲೆ ಕೂರತ್ತೆ, 5ರಿಂದ 10 ಮೆಗಾಹರ್ಟ್ಸ್ ತನಕ ಬಳಸಬಹುದು. ಅದಕ್ಕೇ 5 ಮಿಲಿಮೀಟರ್ ಗಡ್ಡೆ, ಕೆಲವು ಸಲ ಅದಕ್ಕಿಂತ ಸಣ್ಣದೂ ಕಾಣಿಸತ್ತೆ. ರೇಡಿಯೇಷನ್ ಇಲ್ಲ, ಎಷ್ಟು ಸಲ ಬೇಕಾದ್ರೂ ತಿರುಗಿ ನೋಡಬಹುದು.

ಆದ್ರೆ ಹೊಸ ಗಡ್ಡೆ ಹುಡುಕೋದು ಇದರ ಅರ್ಧ ಕೆಲಸ ಅಷ್ಟೇ. ಇನ್ನರ್ಧ, ನನ್ನ ಪ್ರಕಾರ ಹೆಚ್ಚು ಮುಖ್ಯವಾದ ಅರ್ಧ, ರಕ್ತನಾಳ ನೋಡೋದು. ಲಿವರ್‌ನ ಹೊರಗಿಂದ ನೋಡಿದ್ರೆ ನುಣ್ಣಗೆ ಕೆಂಪು ಕಂದು ಬಣ್ಣದ ಒಂದೇ ಮುದ್ದೆ, ಒಳಗೆ ಏನಿದೆ ಅಂತ ಒಂಚೂರೂ ಗೊತ್ತಾಗಲ್ಲ. ಒಳಗೆ ಮೂರು ದೊಡ್ಡ ಹೆಪಾಟಿಕ್ ವೇನ್ ರಕ್ತನ ಹೊರಗೆ ಒಯ್ಯತ್ತೆ, ಪೋರ್ಟಲ್ ವೇನ್ ಮತ್ತೆ ಹೆಪಾಟಿಕ್ ಆರ್ಟರಿ ಒಳಗೆ ತರತ್ತೆ, ಇವುಗಳ ಕವಲುಗಳ ಪ್ರಕಾರ ಲಿವರ್‌ನ 8 ಸೆಗ್ಮೆಂಟ್ ಅಂತ ಭಾಗ ಮಾಡಿದಾರೆ, ಫ್ರಾನ್ಸಿನ ಕ್ಲೋಡ್ ಕುಯಿನೋ 1950ರ ದಶಕದಲ್ಲಿ ಕೊಟ್ಟ ಲೆಕ್ಕ ಅದು, ನಿಮ್ಮ ರಿಪೋರ್ಟಲ್ಲಿ "ಸೆಗ್ಮೆಂಟ್ 6", "ಸೆಗ್ಮೆಂಟ್ 8" ಅಂತ ಬರೆದಿರೋದು ಅದೇ. ಈ ಸೆಗ್ಮೆಂಟುಗಳ ಗಡಿ ಲಿವರ್ ಮೇಲೆ ಗೆರೆ ಹಾಕಿ ಇರಲ್ಲ, ಒಳಗಿನ ನಾಳ ನೋಡಿಯೇ ಕಂಡುಹಿಡೀಬೇಕು, ಕಣ್ಣಿಗೆ ಕಾಣದ ಆ ನಾಳನ ಲೈವ್ ಆಗಿ ತೋರಿಸೋದು ಅಲ್ಟ್ರಾಸೌಂಡ್. 1980ರ ಸುಮಾರಿಗೆ ಜಪಾನಿನ ಸರ್ಜನ್ ಮಸಾತೋಶಿ ಮಕುಉಚಿ ಇದನ್ನ ಲಿವರ್ ಸರ್ಜರಿಯ ಮಧ್ಯಕ್ಕೆ ತಂದ್ರು, ಸಿರೋಸಿಸ್ ಇರೋ, ಅಂದ್ರೆ ಹಾಳಾಗಿ ಗಟ್ಟಿಯಾಗಿರೋ ಲಿವರ್‌ನಲ್ಲಿ ಅರ್ಧಕ್ಕರ್ಧ ತೆಗೆದ್ರೆ ಪೇಷಂಟ್ ಉಳಿಯೋದು ಕಷ್ಟ ಆಗಬಹುದು, ಹಾಗಾಗಿ ಬೇಕಾದಷ್ಟು ಸಣ್ಣ ಭಾಗ ಮಾತ್ರ ತೆಗೆಯೋಕೆ ದಾರಿ ಬೇಕಾಗಿತ್ತು, ಆ ದಾರಿ ಇದರಿಂದ ಸಿಕ್ತು.

ಹಂತ 1: ಹಳೇ ಸ್ಕ್ಯಾನ್ ಎಲ್ಲ ಒಂದೇ ಕಡೆ ಸೇರಿಸಿ

ಇದು ಪೂರ್ತಿ ನಿಮ್ಮ ಕೈಯಲ್ಲಿರೋ ಕೆಲಸ, ಇದನ್ನ ಹಗುರವಾಗಿ ತಗೋಬೇಡಿ. ಬರೀ ರಿಪೋರ್ಟ್ ಪೇಪರ್ ಸಾಲದು, ಸ್ಕ್ಯಾನ್ ಚಿತ್ರ ಇರೋ ಸಿಡಿ ಅಥವಾ ಪೆನ್‌ಡ್ರೈವ್ ಬೇಕು, ಎಲ್ಲ ಸ್ಕ್ಯಾನಿಂದೂ, ಮೊಟ್ಟಮೊದಲ ಸಲ ಗಡ್ಡೆ ಕಂಡಿದ್ದರಿಂದ ಹಿಡಿದು. ಕೊನೇ ಸ್ಕ್ಯಾನ್ ಇದೆಯಲ್ಲ, ಹಳೇದು ಯಾಕೆ ಅಂತ ತುಂಬ ಜನ ಬಿಟ್ಟುಬಿಡ್ತಾರೆ, ಅಲ್ಲೇ ತೊಂದರೆ.

ಯಾಕೆ ಅಂದ್ರೆ, ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿ ಕೀಮೋ ಕೊಟ್ಟಿದ್ದಾಗ ಕೆಲವು ಸಣ್ಣ ಗಡ್ಡೆಗಳು ಸಿಟಿಯಲ್ಲಿ ಮಾಯ ಆಗ್ತವೆ. ಮನೆಯವರಿಗೆ ಖುಷಿ, ಹೋಯ್ತು ಅಂತ. ಆದ್ರೆ ಸ್ಕ್ಯಾನಲ್ಲಿ ಕಾಣ್ತಿಲ್ಲ ಅನ್ನೋದು ಬೇರೆ, ಜೀವಂತ ಕ್ಯಾನ್ಸರ್ ಕೋಶ ಇಲ್ಲ ಅನ್ನೋದು ಬೇರೆ. 2006ರಲ್ಲಿ ಫ್ರಾನ್ಸಿಂದ ಬಂದ ಒಂದು ಅಧ್ಯಯನದಲ್ಲಿ ಹೀಗೆ ಸಿಟಿಯಲ್ಲಿ ಮಾಯ ಆಗಿದ್ದ 66 ಜಾಗಗಳನ್ನ ಹಿಂಬಾಲಿಸಿ ನೋಡಿದ್ರು, 55ರಲ್ಲಿ, ಅಂದ್ರೆ 83 ಪರ್ಸೆಂಟಲ್ಲಿ, ಒಂದೋ ಕ್ಯಾನ್ಸರ್ ಇನ್ನೂ ಉಳಿದಿತ್ತು ಇಲ್ಲಾ ಅದೇ ಜಾಗದಲ್ಲಿ ಬೇಗ ವಾಪಸ್ ಬಂತು. ಈಗಿನ ಎಂಆರ್‌ಐ ಅವಾಗಿನ ಸಿಟಿಗಿಂತ ಎಷ್ಟೋ ಚೆನ್ನಾಗಿದೆ, ಎಂಆರ್‌ಐಯಲ್ಲೂ ಕಾಣ್ತಿಲ್ಲ ಅಂದ್ರೆ ನಿಜವಾಗ್ಲೂ ಹೋಗಿರೋ ಸಾಧ್ಯತೆ ಜಾಸ್ತಿ, ಆದ್ರೂ ಗ್ಯಾರಂಟಿ ಅಲ್ಲ. ಸರ್ಜನ್ ಪ್ರೋಬ್ ಹಿಡಿದು ಆ ಜಾಗ ಹುಡುಕಬೇಕಂದ್ರೆ ಎಲ್ಲಿ ಹುಡುಕಬೇಕು ಅಂತ ಗೊತ್ತಿರಬೇಕು, ಅದು ಗೊತ್ತಾಗೋದು ಕೀಮೋಗೆ ಮುಂಚಿನ ಚಿತ್ರದಿಂದ ಮಾತ್ರ. ಬೇರೆ ಊರಲ್ಲಿ, ಬೇರೆ ಆಸ್ಪತ್ರೆಯಲ್ಲಿ ಮಾಡ್ಸಿದ್ರೂ ಸರಿ, ತರಿಸಿಕೊಳ್ಳಿ.

ಇನ್ನೂ ಕೀಮೋ ಶುರು ಆಗಿಲ್ಲ, 2 ಸೆಂಟಿಮೀಟರಿಗಿಂತ ಸಣ್ಣ ಗಡ್ಡೆ ಆಳದಲ್ಲಿದೆ ಅಂದ್ರೆ ಈಗಲೇ ಒಂದು ಮಾತು ಕೇಳಿ: "ಕೀಮೋ ಆದ್ಮೇಲೆ ಇದು ಕಾಣದೇ ಹೋದ್ರೆ? ಮುಂಚೇನೇ ಏನಾದ್ರೂ ಮಾರ್ಕರ್ ಇಡಬಹುದಾ?" ಗಡ್ಡೆ ಪಕ್ಕದಲ್ಲಿ ಸೂಜಿಯಿಂದ ಸಣ್ಣ ಲೋಹದ ಚೂರು ಇಡೋ ಪದ್ಧತಿ ಕೆಲವು ಕಡೆ ಇದೆ, ಆಮೇಲೆ ಅಲ್ಟ್ರಾಸೌಂಡಲ್ಲಿ ಅದು ಸಿಗತ್ತೆ.

ಆಪರೇಷನ್‌ಗೆ ತೀರಾ ಹತ್ತಿರದ ಸ್ಕ್ಯಾನೂ ಬೇಕು, ಸಾಮಾನ್ಯವಾಗಿ ಒಂದು ತಿಂಗಳು, ಒಂದೂವರೆ ತಿಂಗಳ ಒಳಗಿನದು. ಅದರಲ್ಲೂ ಲಿವರ್‌ಗೇ ಅಂತ ಇರೋ ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣೋಕೆ ಕೊಡೋ ಔಷಧ) ಹಾಕಿದ ಎಂಆರ್‌ಐ ಆಗಿದ್ರೆ ತುಂಬ ಒಳ್ಳೇದು, ಆ ಔಷಧ ಲಿವರ್ ಕೋಶದ ಒಳಗೆ ಹೋಗಿ 20 ನಿಮಿಷಕ್ಕೆ ಇಡೀ ಲಿವರ್ ಬೆಳ್ಳಗೆ ಕಾಣತ್ತೆ, ಹರಡಿರೋ ಕ್ಯಾನ್ಸರ್ ಗಡ್ಡೆ ಕಪ್ಪಗೆ ಉಳಿಯತ್ತೆ.

ಹಂತ 2: ಇವನ್ನ ಮರೀದೇ ಹೇಳಿ

ಡಾಕ್ಟರ್ ಕೇಳ್ಲಿಲ್ಲ ಅಂದ್ರೂ ನೀವಾಗೇ ಹೇಳಬೇಕಾದ್ದು ಕೆಲವು ಇವೆ. ಪೇಸ್‌ಮೇಕರ್ ಇದ್ರೆ ಹೇಳಿ, ಯಾಕಂದ್ರೆ ಕೆಲವು ಸಲ ಗಡ್ಡೆನ ತೆಗೆಯೋ ಬದಲು ಸೂಜಿ ಹಾಕಿ ಬಿಸಿಯಿಂದ ಸುಡ್ತಾರೆ (ಹಂತ 5 ನೋಡಿ), ಅದಕ್ಕೆ ರೇಡಿಯೋ ಫ್ರೀಕ್ವೆನ್ಸಿ ಬಳಸಿದ್ರೆ ಮೈಯಲ್ಲಿ ಕರೆಂಟ್ ಹರಿಯತ್ತೆ. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಹೇಳಿ, ನೀವೇ ನಿಲ್ಲಿಸಬೇಡಿ, ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳ್ತಾರೆ. ಅಯೋಡಿನ್ ಅಲರ್ಜಿ, ಮೊಟ್ಟೆ ಅಲರ್ಜಿ ಎರಡನ್ನೂ ಹೇಳಿ, ಮೊಟ್ಟೆಗೂ ಇದಕ್ಕೂ ಏನು ಸಂಬಂಧ ಅನ್ನಿಸಬಹುದು, ಸೋನಾಝೋಯ್ಡ್ ಅನ್ನೋ ಒಂದು ಅಲ್ಟ್ರಾಸೌಂಡ್ ಕಾಂಟ್ರಾಸ್ಟಲ್ಲಿ ಮೊಟ್ಟೆಯಿಂದ ಬರೋ ಕೊಬ್ಬಿನ ಅಂಶ ಇದೆ.

ಇವೆಲ್ಲಕ್ಕಿಂತ ಮುಖ್ಯವಾದ್ದು: ಪಿತ್ತನಾಳಕ್ಕೆ ಯಾವಾಗ್ಲಾದ್ರೂ ಸ್ಟೆಂಟ್ ಹಾಕಿದ್ರೆ, ಅಥವಾ ಪಿತ್ತನಾಳನ ಕರುಳಿಗೆ ಜೋಡಿಸೋ ಆಪರೇಷನ್ ಆಗಿದ್ರೆ, ಎಷ್ಟೇ ವರ್ಷ ಹಿಂದೆ ಆಗಿರ್ಲಿ, ಹೇಳಲೇಬೇಕು. ಅಂಥವರ ಪಿತ್ತನಾಳದಲ್ಲಿ ಕರುಳಿನ ಬ್ಯಾಕ್ಟೀರಿಯಾ ಸೇರಿರತ್ತೆ, ಗಡ್ಡೆ ಸುಟ್ಟ ಜಾಗದಲ್ಲಿ ಕೀವು ಕಟ್ಟೋ ಅಪಾಯ ಬೇರೆಯವರಿಗಿಂತ ತುಂಬಾ ಜಾಸ್ತಿ, ಇದು ಗೊತ್ತಿದ್ರೆ ಟೀಮ್ ಸುಡೋ ಬದಲು ಬೇರೆ ದಾರಿ ಯೋಚನೆ ಮಾಡತ್ತೆ.

ಹಂತ 3: "ಒಳಗೆ ಬೇರೆ ಕಂಡ್ರೆ?" ಅನ್ನೋದನ್ನ ಮುಂಚೇನೇ ಮಾತಾಡಿ

ಕನ್ಸೆಂಟ್ ಫಾರಂಗೆ ಸೈನ್ ಹಾಕೋ ದಿನ ಎಲ್ಲರೂ ಕೇಳೋದು ಎಷ್ಟು ಹೊತ್ತು, ಎಷ್ಟು ಅಪಾಯ, ಯಾವಾಗ ಮನೆಗೆ ಅಂತ. ಅವೆಲ್ಲ ಕೇಳಬೇಕಾದ್ದೇ. ಆದ್ರೆ ಪೇಷಂಟಿಗೆ ಅರವಳಿಕೆ ಕೊಟ್ಟ ಮೇಲೆ ಅವರ ಅಭಿಪ್ರಾಯ ಕೇಳೋಕೆ ಆಗಲ್ಲ, ಹಾಗಾಗಿ ಪ್ಲಾನ್ ಬದಲಾಗೋ ಸಂದರ್ಭಗಳನ್ನ ಒಂದೊಂದಾಗಿ ಮುಂಚೇನೇ ಪೇಷಂಟ್ ಎದುರಿಗೇ ಮಾತಾಡಿಕೊಳ್ಳಬೇಕು. ಸ್ಕ್ಯಾನಲ್ಲಿ ಇಲ್ಲದ ಇನ್ನೊಂದು ಸಣ್ಣ ಗಡ್ಡೆ ಅದೇ ಕಡೆ ಸಿಕ್ರೆ ಏನು ಮಾಡ್ತೀರಿ? ಇನ್ನೊಂದು ಬದಿಯಲ್ಲಿ ಸಿಕ್ರೆ? ಅದನ್ನೂ ತೆಗೀತೀರಾ, ಸುಡ್ತೀರಾ, ಬಯಾಪ್ಸಿ ಮಾತ್ರ ಮಾಡ್ತೀರಾ? ತುಂಬ ಕಡೆ ಹರಡಿದೆ ಅಂತ ಗೊತ್ತಾದ್ರೆ ಏನೂ ತೆಗೀದೇ ಹೊಟ್ಟೆ ಮುಚ್ಚೋ ಸಾಧ್ಯತೆ ಇದೆಯಾ? ಕೀಹೋಲಲ್ಲಿ, ಅಂದ್ರೆ ಸಣ್ಣ ತೂತುಗಳಿಂದ, ಶುರು ಮಾಡಿ ಓಪನ್ ಮಾಡಬೇಕಾಗಬಹುದಾ?

ಜೊತೆಗೆ ಇನ್ನೊಂದು ಪ್ರಶ್ನೆ, ಉಳಿಯೋ ಲಿವರ್ ಎಷ್ಟು? ಆರೋಗ್ಯವಾದ ಲಿವರ್ ಆದ್ರೆ ಒಟ್ಟು ಗಾತ್ರದ ಕನಿಷ್ಠ 20 ಪರ್ಸೆಂಟ್ ಉಳಿದ್ರೆ ಸಾಕು ಅಂತ ಲೆಕ್ಕ, ತುಂಬ ಕೀಮೋ ಆಗಿದ್ರೆ 30, ಸಿರೋಸಿಸ್ ಇದ್ರೆ 40. ಒಳಗೆ ಹೊಸ ಗಡ್ಡೆ ಸಿಕ್ಕಾಗ ಸರ್ಜನ್ ಎಲ್ಲಾ ಕತ್ತರಿಸಿ ತೆಗೆಯೋಕೆ ಹೋಗಲ್ಲ, ಯಾಕಂದ್ರೆ ಈ ಲೆಕ್ಕ ತಪ್ಪಿದ್ರೆ ಕ್ಯಾನ್ಸರ್ ಹೋಗಿರತ್ತೆ, ಲಿವರ್ ಫೇಲ್ ಆಗಿರತ್ತೆ. ಅವಾಗ ಕೆಲವು ತೆಗೆದು, ಕೆಲವು ಸುಟ್ಟು ಮಾಡೋದು ಒಳ್ಳೇ ದಾರಿ, ಅದನ್ನ ಅರ್ಧಂಬರ್ಧ ಟ್ರೀಟ್ಮೆಂಟ್ ಅಂದ್ಕೋಬೇಡಿ.

ಮನೆಯವರಲ್ಲಿ ಯಾರು ಆ ದಿನ ಹೊರಗೆ ಕಾಯ್ತಾರೆ, ಡಾಕ್ಟರ್ ಬಂದು ಮಾತಾಡೋದಿದ್ರೆ ಯಾರ ಹತ್ರ ಮಾತಾಡ್ಬೇಕು ಅನ್ನೋದೂ ನಿರ್ಧಾರ ಆಗಿರ್ಲಿ.

ಹಂತ 4: ಥಿಯೇಟರ್ ಒಳಗೆ

ಹೊಟ್ಟೆ ತೆರೆದ ಮೇಲೆ ಮೊದಲು ಕಣ್ಣಿಂದ ನೋಡ್ತಾರೆ, ಕೈಯಿಂದ ಮುಟ್ಟಿ ನೋಡ್ತಾರೆ. ಲಿವರ್‌ನ ಹಿಡಿದಿಟ್ಟಿರೋ ಪೊರೆಗಳನ್ನ ಬಿಡಿಸಿ ಸ್ವಲ್ಪ ಸಡಿಲ ಮಾಡ್ತಾರೆ. ಆಮೇಲೆ ಪ್ರೋಬ್. ಜೆಲ್ ಬೇಕಾಗಲ್ಲ, ಲಿವರ್ ಮೇಲೆ ಸಲೈನ್ ಹಾಕಿ ಒದ್ದೆ ಮಾಡಿದ್ರೆ ಸಾಕು. ಕೀಹೋಲ್ ಆದ್ರೆ ಪ್ರೋಬ್ ಉದ್ದ ಕೋಲಿನ ತುದಿಯಲ್ಲಿರತ್ತೆ, ತುದಿ ಬಗ್ಗತ್ತೆ, 10ರಿಂದ 12 ಮಿಲಿಮೀಟರ್ ತೂತಿಂದ ಒಳಗೆ ಹೋಗತ್ತೆ. ಕೀಹೋಲಲ್ಲಿ ಸರ್ಜನ್ ಕೈಯಿಂದ ಮುಟ್ಟಿ ನೋಡೋಕಾಗಲ್ಲ, ಹಾಗಾಗಿ ಅಲ್ಲಿ ಅಲ್ಟ್ರಾಸೌಂಡ್ ಇಲ್ಲದೇ ಲಿವರ್ ಗಡ್ಡೆ ಆಪರೇಷನ್ ಮಾಡೋದು ಅಂದ್ರೆ ನನಗೆ ಒಪ್ಪಿಗೆ ಆಗದ ಮಾತು. ಕೀಹೋಲ್ ಅಂತ ಹೇಳಿದ್ರೆ "ಲ್ಯಾಪ್ರೋಸ್ಕೋಪಿಕ್ ಅಲ್ಟ್ರಾಸೌಂಡ್ ಪ್ರೋಬ್ ಇದೆಯಾ?" ಅಂತ ಮುಂಚೇನೇ ಕೇಳಿ, ಕೇಳೋಕೆ ಸಂಕೋಚ ಬೇಡ.

ಪ್ರೋಬ್ ಇಟ್ಟ ತಕ್ಷಣ ಗಡ್ಡೆ ಹುಡುಕೋಕೆ ಹೋಗಲ್ಲ, ಒಳ್ಳೇ ಸರ್ಜನ್ ಮೊದಲು ನಾಳ ನೋಡ್ತಾರೆ. ಮೇಲ್ಗಡೆ ಮೂರು ಹೆಪಾಟಿಕ್ ವೇನ್ ದೊಡ್ಡ ರಕ್ತನಾಳಕ್ಕೆ ಸೇರೋ ಜಾಗದಿಂದ ಶುರು, ಒಂದೊಂದನ್ನೂ ತುದಿ ತನಕ ಹಿಂಬಾಲಿಸ್ತಾರೆ. ಆಮೇಲೆ ಪೋರ್ಟಲ್ ವೇನ್ ಎಲ್ಲಿ ಬಲ ಎಡ ಅಂತ ಕವಲೊಡೆಯತ್ತೋ ಅಲ್ಲಿಂದ ಪ್ರತಿ ಸೆಗ್ಮೆಂಟಿನ ಕವಲು. ಸ್ಕ್ರೀನಲ್ಲಿ ಇವೆರಡನ್ನೂ ಬೇರೆ ಮಾಡೋದು ಕಲಿತವರಿಗೆ ಸುಲಭ: ಎರಡೂ ಕಪ್ಪು ಕೊಳವೆ, ಆದ್ರೆ ಪೋರ್ಟಲ್ ವೇನ್ ಸುತ್ತ ಬಿಳಿ ಅಂಚು ಇರತ್ತೆ, ಹೆಪಾಟಿಕ್ ವೇನ್‌ಗೆ ಅಂಚು ಅಷ್ಟು ಕಾಣಲ್ಲ, ಪ್ರೋಬಿಂದ ಸ್ವಲ್ಪ ಒತ್ತಿದ್ರೆ ಚಪ್ಪಟೆ ಆಗಿ ಮಾಯ ಆಗತ್ತೆ, ಅದಕ್ಕೇ ಕೈ ಹಗುರ ಇರಬೇಕು. ನಾಳದೊಳಗೆ ಗಡ್ಡೆ ನುಗ್ಗಿದೆಯಾ ಅಂತಾನೂ ಇಲ್ಲೇ ಗೊತ್ತಾಗೋದು, ಲಿವರ್‌ನದೇ ಕ್ಯಾನ್ಸರ್ ಪೋರ್ಟಲ್ ವೇನ್ ಒಳಗೆ ಬೆಳೆಯೋದುಂಟು.

ಆಮೇಲೆ ಇಡೀ ಲಿವರ್, ಗದ್ದೆ ಉಳೋವಾಗ ಒಂದು ಸಾಲಿನ ಪಕ್ಕಕ್ಕೆ ಇನ್ನೊಂದು ಸಾಲು ಬಿಡದ ಹಾಗೆ ಉಳೋ ತರ, ಒಂದು ತುದಿಯಿಂದ ಇನ್ನೊಂದು ತುದಿ. ಎರಡು ಜಾಗ ತಪ್ಪಿಹೋಗೋದು ಜಾಸ್ತಿ. ಒಂದು, ಪ್ರೋಬ್ ಕೆಳಗೇ ಇರೋ ಮೊದಲ ಒಂದು ಸೆಂಟಿಮೀಟರ್, ತೀರಾ ಹತ್ತಿರದ್ದು ಸರಿಯಾಗಿ ಫೋಕಸ್ ಆಗಲ್ಲ, ಅದಕ್ಕೆ ಸಲೈನ್ ತುಂಬಿ ಪ್ರೋಬನ್ನ ಸ್ವಲ್ಪ ಎತ್ತಿ ಹಿಡಿದು ನೋಡ್ತಾರೆ, ಇಲ್ಲಾ ಅದೇ ಜಾಗನ ಕೆಳಗಡೆ ಮೈಯಿಂದ ನೋಡ್ತಾರೆ. ಇನ್ನೊಂದು, ಡಯಾಫ್ರಮ್‌ಗೆ (ಎದೆ ಹೊಟ್ಟೆ ಮಧ್ಯದ ಪರದೆ) ಅಂಟಿದ ಮೇಲಿನ ಗುಮ್ಮಟದ ಹಿಂಭಾಗ, ಸೆಗ್ಮೆಂಟ್ 7 ಮತ್ತು 8, ಅಲ್ಲಿಗೆ ಪ್ರೋಬ್ ಹೋಗೋಕೆ ಲಿವರ್‌ನ ಚೆನ್ನಾಗಿ ಬಿಡಿಸಿರಬೇಕು.

ಒಂದು ಚುಕ್ಕೆ ಕಂಡ ತಕ್ಷಣ ಕ್ಯಾನ್ಸರ್ ಅಂತ ಅಲ್ಲ. ಪೂರ್ತಿ ಕಪ್ಪಗೆ, ಹಿಂದುಗಡೆ ಬೆಳ್ಳಗೆ ಹೊಳಪು ಬಂದ್ರೆ ನೀರುಗುಳ್ಳೆ. ಬೆಳ್ಳಗೆ, ಅಂಚು ಚೊಕ್ಕ, ಒತ್ತಿದ್ರೆ ಸ್ವಲ್ಪ ಕುಗ್ಗೋದು ಸಾಮಾನ್ಯವಾಗಿ ಹೆಮಾಂಜಿಯೋಮ, ರಕ್ತನಾಳಗಳ ಗಂಟು, ನಿರಪಾಯಕಾರಿ. ನಡುವೆ ಬೂದಿ, ಸುತ್ತ ಕಪ್ಪು ಉಂಗುರ ಇದ್ರೆ ಅನುಮಾನ ಪಡಬೇಕು. ಸಿರೋಸಿಸ್ ಲಿವರ್‌ನಲ್ಲಿ ಇದು ಬಹಳ ಕಷ್ಟ, ಇಡೀ ಲಿವರ್ ಗಂಟುಗಂಟಾಗಿರತ್ತೆ, ಹೊಸದಾಗಿ ಸಿಕ್ಕ ಗಂಟುಗಳಲ್ಲಿ ಎಷ್ಟೋ ಕ್ಯಾನ್ಸರ್ ಆಗಿರಲ್ಲ. ಕೀಮೋಯಿಂದ ಕೊಬ್ಬು ತುಂಬಿದ ಲಿವರ್‌ನಲ್ಲೂ ತೊಂದರೆ, ಶಬ್ದದ ಅಲೆ ಆಳಕ್ಕೆ ಹೋಗೋ ಮುಂಚೆನೇ ಸವೆದುಹೋಗತ್ತೆ.

ಅನುಮಾನ ಬಂದಾಗ ಕಾಂಟ್ರಾಸ್ಟ್ ಕೊಡ್ತಾರೆ, ಅರವಳಿಕೆ ಡಾಕ್ಟರ್ ರಕ್ತನಾಳಕ್ಕೆ ಕೊಡೋ ಸೂಕ್ಷ್ಮ ಗ್ಯಾಸ್ ಗುಳ್ಳೆ ಅದು. ಇದರಲ್ಲಿ ಅಯೋಡಿನ್ ಇಲ್ಲ, ಕಿಡ್ನಿಗೆ ಹೊರೆ ಇಲ್ಲ, ಗ್ಯಾಸ್ ಉಸಿರಲ್ಲೇ ಹೊರಗೆ ಹೋಗತ್ತೆ. ಕ್ಯಾನ್ಸರ್ ಗಡ್ಡೆ ಬೇಗ ರಕ್ತ ತುಂಬ್ಕೊಂಡು ಬೇಗ ಖಾಲಿ ಆಗೋದು ಕಾಣತ್ತೆ. ಜಪಾನಲ್ಲಿ 2007ರಿಂದ ಬಳಕೆಯಲ್ಲಿರೋ ಸೋನಾಝೋಯ್ಡನ್ನ ಲಿವರ್‌ನ ಕುಪ್ಫರ್ ಕೋಶಗಳು ನುಂಗಿಕೊಳ್ತವೆ, ಸುಮಾರು 10 ನಿಮಿಷ ಆದ್ಮೇಲೆ ನೋಡಿದ್ರೆ ಒಳ್ಳೇ ಲಿವರ್ ಬೆಳ್ಳಗೆ, ಆ ಕೋಶ ಇಲ್ಲದ ಗಡ್ಡೆ ಕಪ್ಪು ತೂತಿನ ಹಾಗೆ ಎದ್ದು ಕಾಣತ್ತೆ.

ವಿಶೇಷ ಕ್ಯಾಮೆರಾದಲ್ಲಿ ಹಸಿರಾಗಿ ಹೊಳೆಯೋ ಐಸಿಜಿ ಅನ್ನೋ ಬಣ್ಣದ ಔಷಧದ ಬಗ್ಗೆನೂ ನೀವು ಕೇಳಿರಬಹುದು, ಅದು ಮೇಲ್ಮೈಯಿಂದ 5ರಿಂದ 10 ಮಿಲಿಮೀಟರ್ ಆಳದ ತನಕ ಮಾತ್ರ ತೋರಿಸತ್ತೆ. ಮೇಲ್ಮೈ ಗಡ್ಡೆಗೆ, ಸೆಗ್ಮೆಂಟ್ ಗಡಿ ಗುರುತಿಸೋಕೆ ಚೆನ್ನಾಗಿದೆ, ಆಳದ್ದಕ್ಕೆ ಅಲ್ಟ್ರಾಸೌಂಡೇ ಬೇಕು.

ಗಡ್ಡೆ, ನಾಳ ಎರಡೂ ಗೊತ್ತಾದ ಮೇಲೆ ಸರ್ಜನ್ ಕಾಟರಿಯಿಂದ (ಕರೆಂಟಿಂದ ಸುಡೋ ಪೆನ್ ತರದ ಉಪಕರಣ) ಲಿವರ್ ಮೇಲೇನೇ ಚುಕ್ಕೆ ಚುಕ್ಕೆ ಗೆರೆ ಎಳೀತಾರೆ, ಇಲ್ಲಿಂದ ಇಲ್ಲಿಗೆ ಕತ್ತರಿಸಬೇಕು ಅಂತ. ಲಿವರ್‌ನದೇ ಕ್ಯಾನ್ಸರ್ ಪೋರ್ಟಲ್ ಕವಲಿನ ಮೂಲಕ ಹರಡೋದ್ರಿಂದ ಆ ಕವಲಿಗೆ ಸೇರಿದ ಭಾಗ ಪೂರ್ತಿ ತೆಗೆಯೋದು ಒಳ್ಳೇದು, ಮಕುಉಚಿ ಅದಕ್ಕೆ ಅಲ್ಟ್ರಾಸೌಂಡ್ ನೋಡ್ಕೊಂಡು ಆ ಕವಲಿಗೆ ಸೂಜಿ ಚುಚ್ಚಿ ನೀಲಿ ಬಣ್ಣ ಬಿಡ್ತಿದ್ರು, ಆ ಭಾಗ ಮಾತ್ರ ಹೊರಗಿಂದ ನೀಲಿ ಆಗ್ತಿತ್ತು. ಕರುಳಿಂದ ಹರಡಿದ ಗಡ್ಡೆಗೆ ಹಾಗೆ ಬೇಕಿಲ್ಲ, ಸುತ್ತ ಸ್ವಲ್ಪ ಒಳ್ಳೇ ಅಂಗಾಂಶದ ಜೊತೆ ತೆಗೆದ್ರೆ ಸಾಕು, ಉಳಿದ ಲಿವರ್ ಮುಂದೆ ಮತ್ತೆ ಬಂದ್ರೆ ಬೇಕಾಗತ್ತೆ.

ಕತ್ತರಿಸೋವಾಗ್ಲೂ ನಡುನಡುವೆ ಪ್ರೋಬ್ ಇಡ್ತಾರೆ. ಕತ್ತರಿಸಿದ ಸಂದಿ ಸ್ಕ್ರೀನಲ್ಲಿ ಹೊಳೆಯೋ ಬಿಳಿ ಗೆರೆ ತರ ಕಾಣತ್ತೆ, ಆ ಗೆರೆಗೂ ಗಡ್ಡೆಯ ಅಂಚಿಗೂ ಎಷ್ಟು ಅಂತರ ಅಂತ ಅಳೀಬಹುದು, ಗೆರೆ ಗಡ್ಡೆ ಕಡೆ ವಾಲ್ತಿದ್ರೆ ಅಲ್ಲೇ ದಿಕ್ಕು ತಿದ್ಕೋತಾರೆ. ರಕ್ತಸ್ರಾವ ಕಮ್ಮಿ ಮಾಡೋಕೆ ಲಿವರ್‌ಗೆ ಹೋಗೋ ರಕ್ತನ ಸಾಮಾನ್ಯವಾಗಿ 15 ನಿಮಿಷ ಕಟ್ಟಿ 5 ನಿಮಿಷ ಬಿಡ್ತಾರೆ, ಹಾಗೆ ಮತ್ತೆ ಮತ್ತೆ, ಹಾಗಾಗಿ ಆಪರೇಷನ್ ಗಂಟೆಗಟ್ಟಲೆ ಆಯ್ತು ಅಂದ್ರೆ ಏನೋ ಎಡವಟ್ಟಾಗಿದೆ ಅಂತ ಹೊರಗೆ ಕೂತು ಊಹಿಸಬೇಡಿ.

ಹಂತ 5: ಗಡ್ಡೆ ಸುಡೋದಿದ್ರೆ

ಆಳದಲ್ಲಿರೋ ಸಣ್ಣ ಗಡ್ಡೆ ತೆಗೆಯೋಕೆ ಹೋದ್ರೆ ಒಳ್ಳೇ ಲಿವರ್ ಜಾಸ್ತಿ ಹೋಗತ್ತೆ ಅಂದಾಗ ಸೂಜಿ ಹಾಕಿ ಬಿಸಿಯಿಂದ ಸುಡ್ತಾರೆ, ರೇಡಿಯೋ ಫ್ರೀಕ್ವೆನ್ಸಿ ಅಥವಾ ಮೈಕ್ರೋವೇವ್. 3 ಸೆಂಟಿಮೀಟರ್ ಒಳಗಿನ ಗಡ್ಡೆಗೆ ಇದು ಚೆನ್ನಾಗಿ ಕೆಲಸ ಮಾಡತ್ತೆ. ಕರುಳಿಂದ ಹರಡಿದ, 3 ಸೆಂಟಿಮೀಟರ್ ತನಕದ ಗಡ್ಡೆಗಳಲ್ಲಿ ಸುಡೋದು ಸರ್ಜರಿಗಿಂತ ಕಮ್ಮಿ ಇಲ್ಲ ಅಂತ ಕೊಲಿಷನ್ ಅನ್ನೋ ಟ್ರಯಲ್ 2024ರಲ್ಲಿ ತೋರಿಸಿತು.

ಇಲ್ಲಿ ಅಲ್ಟ್ರಾಸೌಂಡೇ ಕಣ್ಣು. ಸೂಜಿ ತೆಳ್ಳಗೆ ಬಿಳಿ ಗೆರೆ ಆಗಿ ಸ್ಕ್ರೀನಲ್ಲಿ ಮುಂದೆ ಮುಂದೆ ಹೋಗೋದು ಕಾಣತ್ತೆ, ಗಡ್ಡೆಯ ನಡುವೆ ಹಾದು ಸ್ವಲ್ಪ ಆಚೆ ತನಕ ತುದಿ ಹೋಗಿದೆಯಾ ಅಂತ ಪ್ರೋಬನ್ನ ಅಡ್ಡ ಉದ್ದ ಎರಡೂ ತಿರುಗಿಸಿ ನೋಡ್ಲೇಬೇಕು, ಒಂದೇ ದಿಕ್ಕಲ್ಲಿ ನೋಡಿದ್ರೆ ಸೂಜಿ ಗಡ್ಡೆ ಪಕ್ಕದಲ್ಲೇ ಹೋಗಿದ್ರೂ ಒಳಗೆ ಹೋದ ಹಾಗೆ ಕಾಣಬಹುದು. ಬಿಸಿ ಶುರು ಆದ ಕೆಲವೇ ಕ್ಷಣಕ್ಕೆ ಸೂಜಿ ತುದಿಯಿಂದ ಬಿಳಿ ಮೋಡ ಏಳತ್ತೆ, ಅಂಗಾಂಶದ ನೀರು ಆವಿ ಆಗಿ ಬಂದ ಗುಳ್ಳೆಗಳು ಅವು, ನೋಡ್ತಾ ನೋಡ್ತಾ ಗಡ್ಡೆ ಪೂರ್ತಿ ಮುಚ್ಚಿಹೋಗತ್ತೆ, ಅದರ ಹಿಂದುಗಡೆ ಏನೂ ಕಾಣಲ್ಲ. ಅದಕ್ಕೇ ಎರಡು ಮೂರು ಸಲ ಸೂಜಿ ಹಾಕಬೇಕಾದ್ರೆ ಆಳದ ಭಾಗನ ಮೊದಲು ಸುಟ್ಟು ಆಮೇಲೆ ಮೇಲಿನದಕ್ಕೆ ಬರ್ತಾರೆ. ಆ ಮೋಡದ ಗಾತ್ರನೇ ಸತ್ತ ಅಂಗಾಂಶದ ಗಾತ್ರ ಅಂತ ನಂಬೋ ಹಾಗಿಲ್ಲ, ಮೋಡ ಕರಗೋಕೆ ಬಿಟ್ಟು, ಸಾಧ್ಯ ಇದ್ರೆ ಕಾಂಟ್ರಾಸ್ಟ್ ಕೊಟ್ಟು ಮತ್ತೆ ನೋಡಬೇಕು. ಗಡ್ಡೆ ಮಾತ್ರ ಸುಟ್ರೆ ಸಾಲದು, ಸುತ್ತ ಕನಿಷ್ಠ 5 ಮಿಲಿಮೀಟರ್, ಸಾಧ್ಯ ಆದ್ರೆ 10, ಸುಟ್ಟಿರಬೇಕು.

ಎರಡು ಕಡೆ ಸುಡೋದು ಕಷ್ಟ. ದೊಡ್ಡ ರಕ್ತನಾಳದ ಪಕ್ಕ, 3 ಮಿಲಿಮೀಟರಿಗಿಂತ ದಪ್ಪ ನಾಳದಲ್ಲಿ ಹರಿಯೋ ರಕ್ತ ಬಿಸಿನ ಎಳ್ಕೊಂಡು ಹೋಗಿಬಿಡತ್ತೆ, ನಾಳದ ಪಕ್ಕದ ಅಂಚಲ್ಲಿ ಕ್ಯಾನ್ಸರ್ ಉಳಿಯಬಹುದು. ಇನ್ನೊಂದು ಲಿವರ್ ಮಧ್ಯದ ದೊಡ್ಡ ಪಿತ್ತನಾಳದ ಹತ್ರ, ನಾಳನೇ ಸುಟ್ಟು ಕಟ್ಟಿಕೊಳ್ಳೋ ಅಪಾಯ. ನಿಮ್ಮ ಗಡ್ಡೆ ಈ ಎರಡರಲ್ಲಿ ಯಾವುದಕ್ಕಾದ್ರೂ ಹತ್ರ ಇದೆಯಾ ಅಂತ ಮುಂಚೇನೇ ಕೇಳಬಹುದು.

ಹಂತ 6: ಹೊಟ್ಟೆ ಮುಚ್ಚೋ ಮುಂಚೆ

ತೆಗೆದ ತುಂಡನ್ನ ಸಲೈನ್ ಇರೋ ಬೇಸಿನ್ನಲ್ಲಿ ಮುಳುಗಿಸಿ ಅದರ ಮೇಲೂ ಪ್ರೋಬ್ ಇಟ್ಟು ನೋಡೋದು ಒಳ್ಳೇ ಅಭ್ಯಾಸ. ಹುಡುಕಿದ ಗಡ್ಡೆ ಅದರಲ್ಲೇ ಇದೆಯಾ, ಕತ್ತರಿಸಿದ ಅಂಚಿಂದ ಎಷ್ಟು ದೂರ ಇದೆ ಅಂತ ಅಲ್ಲೇ ಗೊತ್ತಾಗತ್ತೆ, ಸಾಲದು ಅನ್ನಿಸಿದ್ರೆ ಪೇಷಂಟ್ ಇನ್ನೂ ಟೇಬಲ್ ಮೇಲೇ ಇರ್ತಾರೆ, ಇನ್ನಷ್ಟು ತೆಗೀಬಹುದು. ಪೆಥಾಲಜಿ ರಿಪೋರ್ಟ್ ಬರೋಕೆ ದಿನಗಟ್ಟಲೆ ಬೇಕು, ಅವಾಗ ಗೊತ್ತಾಗಿ ಪ್ರಯೋಜನ ಕಮ್ಮಿ.

ಆಮೇಲೆ ಉಳಿದ ಲಿವರ್ ಮೇಲೆ ಕಲರ್ ಡಾಪ್ಲರ್, ರಕ್ತ ಹರಿಯೋದನ್ನ ಬಣ್ಣದಲ್ಲಿ ತೋರಿಸೋ ಅಲ್ಟ್ರಾಸೌಂಡ್. ರಕ್ತ ಒಳಗೆ ಬರ್ತಿದೆಯಾ, ಹೊರಗೆ ಹೋಗ್ತಿದೆಯಾ, ಎರಡೂ ನೋಡಬೇಕು. ಒಳಗೆ ಉಳಿದ ಲಿವರ್ ಹಿಡಿತ ತಪ್ಪಿ ತಿರುಚಿಕೊಂಡ್ರೆ ವೇನ್ ಮಡಿಸಿಕೊಳ್ಳತ್ತೆ, ಕಣ್ಣಿಗೆ ಕಾಣಲ್ಲ, ಡಾಪ್ಲರಲ್ಲಿ ಬಣ್ಣ ಇರಲ್ಲ, ತಕ್ಷಣ ಸರಿಯಾದ ಜಾಗಕ್ಕೆ ಕೂರಿಸಿ ಹೊಲಿಗೆ ಹಾಕ್ತಾರೆ.

ಹಂತ 7: ಆಪರೇಷನ್ ಆದ ಮೇಲೆ ಕೇಳಿ ತಗೋಬೇಕಾದ್ದು

ಡಿಸ್ಚಾರ್ಜ್ ಸಮ್ಮರಿ ಮಾತ್ರ ಅಲ್ಲ, ಆಪರೇಷನ್ ನೋಟ್ಸ್ ಕಾಪಿ ಕೇಳಿ. ಅದರಲ್ಲಿ ಅಲ್ಟ್ರಾಸೌಂಡಲ್ಲಿ ಏನೇನು ಕಂಡಿತು, ಯಾವ ಸೆಗ್ಮೆಂಟ್, ಎಷ್ಟು ಗಾತ್ರ, ಯಾವುದು ತೆಗೆದ್ರು, ಯಾವುದು ಸುಟ್ರು, ಹುಡುಕಿದ್ರೂ ಸಿಗದೇ ಬಿಟ್ಟಿದ್ದು ಯಾವುದು ಅಂತ ಇರಬೇಕು. ಆ ಕೊನೇದು, ಸಿಗದೇ ಬಿಟ್ಟ ಜಾಗ, ಅತೀ ಮುಖ್ಯ. ಮುಂದಿನ ಸ್ಕ್ಯಾನ್ ಓದೋ ರೇಡಿಯಾಲಜಿಸ್ಟಿಗೆ ಆ ಜಾಗನ ತೋರಿಸಿ ಕೇಳಬೇಕು, ಅವರಿಗೆ ಹೇಳದಿದ್ರೆ ಅಲ್ಲಿ ಗಡ್ಡೆ ಇತ್ತು ಅಂತ ಗೊತ್ತಾಗೋ ದಾರಿನೇ ಇಲ್ಲ. ಪ್ಲಾನ್ ಬದಲಾಗಿದ್ರೆ ಯಾಕೆ ಬದಲಾಯ್ತು ಅಂತ ಕೂತು ಮಾತಾಡಿ, ಪೇಷಂಟಿಗೆ ಪೂರ್ತಿ ಎಚ್ಚರ ಬಂದ ಮೇಲೆ ಅವರಿಗೂ ಹೇಳಿಸಿ, ಮನೆಯವರು ಮುಚ್ಚಿಡೋದು ಬೇಡ.

ಗಡ್ಡೆ ಸುಟ್ಟಿದ್ರೆ ಮೊದಲ ಕೆಲವು ದಿನ ಸಣ್ಣ ಜ್ವರ, ಸುಸ್ತು, ಮೈಕೈ ನೋವು ಬರೋದು ಸಾಮಾನ್ಯ. ಆದ್ರೆ ಚಳಿ ನಡುಕದ ಜೊತೆ 38.5 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಅಥವಾ ಒಂದ್ಸಲ ಹೋಗಿ ಎರಡು ಮೂರು ವಾರದ ಮೇಲೆ ವಾಪಸ್ ಬಂದ ಜ್ವರ, ಕಣ್ಣು ಹಳದಿ ಆಗೋದು, ಹೊಟ್ಟೆ ಊದಿಕೊಳ್ಳೋದು, ಇದರಲ್ಲಿ ಯಾವುದಾದ್ರೂ ಇದ್ರೆ ಮನೆಯಲ್ಲಿ ಮಾತ್ರೆ ಕೊಟ್ಟು ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಸುಟ್ಟ ಜಾಗಕ್ಕೆ ಮೊದಲ ಕಾಂಟ್ರಾಸ್ಟ್ ಸಿಟಿ ಅಥವಾ ಎಂಆರ್‌ಐ ಸಾಮಾನ್ಯವಾಗಿ ಒಂದು ತಿಂಗಳ ಹೊತ್ತಿಗೆ, ಆಮೇಲೆ ಮೊದಲ ಎರಡು ವರ್ಷ 3-4 ತಿಂಗಳಿಗೊಮ್ಮೆ. ಆ ಮೊದಲ ಸ್ಕ್ಯಾನ್ ರಿಪೋರ್ಟ್ ನೋಡಿ ಎಷ್ಟೋ ಜನ ಹೆದರಿಹೋಗ್ತಾರೆ, ಮುಂಚೆ 2 ಸೆಂಟಿಮೀಟರ್ ಇದ್ದಿದ್ದು ಈಗ 4 ಸೆಂಟಿಮೀಟರ್ ಅಂತ ಬರೆದಿದಾರಲ್ಲ, ಬೆಳೀತಾ ಅಂತ. ಅದು ಗಡ್ಡೆಯ ಅಳತೆ ಅಲ್ಲ, ಸುಟ್ಟ ಜಾಗದ ಅಳತೆ, ಸುತ್ತಲಿನ ಅಂಚೂ ಸೇರಿರೋದ್ರಿಂದ ದೊಡ್ಡದಾಗೇ ಇರಬೇಕು, ತಿಂಗಳುಗಳು ಕಳೆದ ಹಾಗೆ ನಿಧಾನಕ್ಕೆ ಕುಗ್ಗತ್ತೆ. ಸುತ್ತ ತೆಳ್ಳಗೆ ಒಂದೇ ಸಮ ಹೊಳಪಿನ ಗೆರೆ ಮೊದಮೊದಲು ಇರೋದೂ ಸಾಮಾನ್ಯ. ನೋಡಬೇಕಾದ್ದು ಒಂದು ಕಡೆ ಮಾತ್ರ ದಪ್ಪಗೆ ಗಂಟಿನ ಹಾಗೆ ಹೊಳಪು ಇದೆಯಾ, ಅಥವಾ ಹಿಂದಿನ ಸ್ಕ್ಯಾನಿಗಿಂತ ಜಾಗ ದೊಡ್ಡದಾಗಿದೆಯಾ ಅಂತ. ಹಾಗೆ ಇದ್ರೆ ಬೇಗ ತೋರಿಸಿ, ಸಣ್ಣದಿರೋವಾಗ್ಲೇ ಗೊತ್ತಾದ್ರೆ ಅದೇ ಜಾಗಕ್ಕೆ ಇನ್ನೊಮ್ಮೆ ಸೂಜಿ ಹಾಕಿ ಸುಡೋಕೆ ಬರತ್ತೆ.